ಕಿಲ್ಟ್ ಉಟ್ಟು ಊರೂರು ಸುತ್ತುವವರ ಸರಂಜಾಮು

ಎಡಿನ್‌ಬರೋ ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಮ್ಮ ಮುಂದೆ ಕಿಲ್ಟ್ ಎಂಬ ಸ್ಕಾಟಿಷ್ ನೆರಿಗೆ ಉಡುಪು ಉಟ್ಟವನೊಬ್ಬ ನಿಂತಿದ್ದರೆ ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಮೊದಲು ಅವನ ಸೊಂಟದ ಅಗಲ ಬೆಲ್ಟು ಟ್ರೇಗೆ ಬೀಳುತ್ತದೆ, ಅದರ ಜೊತೆಗೆ ಅಂಗೈಯಗಲದ ಲೋಹದ ಬಕಲ್ಲು. ಆಮೇಲೆ ಮುಂದೆ ನೇತಾಡುವ ‘ಸ್ಪಾರನ್’ ಎಂಬ ಚರ್ಮದ ಸಂಚಿ, ಅದರ ಸರಪಳಿ. ಬಳಿಕ ಕಿಲ್ಟಿನ ಅಂಚಿಗೆ ಚುಚ್ಚಿದ ದೊಡ್ಡ ಪಿನ್ನು, ಟೋಪಿಯ ಬಿಲ್ಲೆ, ಕೋಟಿನ ಬೆಳ್ಳಿ ಗುಂಡಿಗಳ ದೆಸೆಯಿಂದ ಕೋಟು. ಬೂಟು ಬಿಚ್ಚಿ ಎಂದರಂತೂ ಮುಗಿಯಿತು. ಗಿಲ್ಲಿ ಬ್ರೋಗ್ ಎಂಬ ಆ ಬೂಟಿನ ಲೇಸು ಕಣಕಾಲಿಗೆ ಸುತ್ತು ಹಾಕಿ ಕಟ್ಟುವಂಥದ್ದು. ಬಿಚ್ಚುವುದಕ್ಕೆ ಬಗ್ಗಬೇಕು, ಕಿಲ್ಟ್ ಉಟ್ಟು ಬಗ್ಗುವುದಕ್ಕೆ ಒಂದು ಶಿಸ್ತು ಬೇಕು. ಇಷ್ಟೆಲ್ಲ ಆದಮೇಲೂ ಯಂತ್ರ ಕೂಗಿಕೊಂಡರೆ ಅದು ಕಿಲ್ಟನ್ನು ಎರಡು ಬದಿಯಲ್ಲಿ ಹಿಡಿದಿಟ್ಟಿರುವ ಪುಟ್ಟ ಬಕಲ್ಲುಗಳ ಕೆಲಸ. ಅವನ್ನು ತೆಗೆಯಿರಿ ಎಂದು ಯಾವ ಅಧಿಕಾರಿಯೂ ಹೇಳಲಾರ.

ಗಮನಿಸಿದರೆ, ಈ ಫಜೀತಿಯಲ್ಲಿ ಕಿಲ್ಟ್ ಎಂಬ ಬಟ್ಟೆಯ ಪಾಲು ಬಹಳ ಕಡಿಮೆ. ಬಟ್ಟೆ ಸಾಧು. ತಂಟೆಯೆಲ್ಲ ಅದರ ಸುತ್ತ ಕಟ್ಟಿದ, ಚುಚ್ಚಿದ, ಸಿಕ್ಕಿಸಿದ ಸಾಮಾನಿನದು. ವಿಚಿತ್ರವೆಂದರೆ ಈ ಸಾಮಾನಿನಲ್ಲಿ ಮುಖ್ಯವಾದವು ಹುಟ್ಟಿದ್ದೇ ದಾರಿ ನಡೆಯುವವರಿಗಾಗಿ. ನಡೆಯುವವರ ಉಡುಪು ನಡುವೆ ಎಲ್ಲೋ ನಿಂತು ಮೆರೆಯುವವರ ಕೈಗೆ ಸಿಕ್ಕಿತು. ಈಗ ಅದನ್ನು ಉಟ್ಟು ಮತ್ತೆ ದಾರಿ ಹಿಡಿಯುವವರು ಆ ಮೆರೆಯುವವರು ಪೇರಿಸಿಟ್ಟದ್ದನ್ನು ಒಂದೊಂದಾಗಿ ಕಳಚಬೇಕಾಗಿದೆ.

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಎಂಬ ಬೆಟ್ಟದ ಸೀಮೆಯಲ್ಲಿ ಹಳೆಯ ಕಾಲದ ಕಿಲ್ಟ್ ಹೊಲಿದ ಬಟ್ಟೆಯೇ ಆಗಿರಲಿಲ್ಲ. ಎರಡು ಪಟ್ಟಿ ಉಣ್ಣೆ ಬಟ್ಟೆಯನ್ನು ಉದ್ದಕ್ಕೆ ಜೋಡಿಸಿ ಮಾಡಿದ ಒಂದು ದೊಡ್ಡ ಹಚ್ಚಡ, ಅಷ್ಟೆ. ಅದನ್ನು ನೆರಿಗೆ ಹಿಡಿದು ಸೊಂಟಕ್ಕೆ ಬೆಲ್ಟು ಬಿಗಿದರೆ ಕೆಳಗಿನ ಭಾಗ ಮೊಣಕಾಲವರೆಗೆ ಉಡುಪು, ಮೇಲಿನ ಭಾಗ ಹೆಗಲ ಮೇಲೆ ಹೊದಿಕೆ. ರಾತ್ರಿ ಬೆಲ್ಟು ಬಿಚ್ಚಿದರೆ ಹಾಸಿಗೆಯೂ ಅದೇ. ದನದ ಹಿಂಡು ಹೊಡೆದುಕೊಂಡು ವಾರಗಟ್ಟಲೆ ದಕ್ಷಿಣದ ಫಾಲ್ಕರ್ಕ್ ಸಂತೆಯತ್ತ ನಡೆಯುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಉಡುಪು ಬೇಕಿರಲಿಲ್ಲ. ಸ್ಕೈ ದ್ವೀಪದ ದನಗಳನ್ನು ಕೈಲ್‌ರೇ ಜಲಸಂಧಿಯಲ್ಲಿ ಒಂದರ ಬಾಲಕ್ಕೆ ಇನ್ನೊಂದರ ದವಡೆ ಕಟ್ಟಿ ಈಜಿಸಿ ದಾಟಿಸುತ್ತಿದ್ದ ಜನ ಅವರು. ಜೇಬಿಲ್ಲದ ಬಟ್ಟೆಯಾದ್ದರಿಂದ ಕಾಸಿಗೂ ಹಿಡಿ ಓಟ್ ಹಿಟ್ಟಿಗೂ ಸೊಂಟದಲ್ಲಿ ಒಂದು ಸಂಚಿ. ರೊಟ್ಟಿಗೂ ಮಾಂಸಕ್ಕೂ ಹಗ್ಗಕ್ಕೂ ಒಂದು ಚಾಕು. ಹದಿನೆಂಟನೇ ಶತಮಾನದಲ್ಲಿ ಸರ್ಕಾರ ಹೈಲ್ಯಾಂಡಿನವರ ಆಯುಧ ಕಿತ್ತುಕೊಂಡಾಗಲೂ ಹಿಂಡು ಹೊಡೆಯುವವರಿಗೆ ವಿನಾಯಿತಿ ಕೊಟ್ಟಿತ್ತು; ದಾರಿಯಲ್ಲಿ ಕಳ್ಳರಿದ್ದರಲ್ಲ.

ಆ ಹಚ್ಚಡದ ಮೇಲ್ಭಾಗ ಕತ್ತರಿಸಿ ಕೆಳಗಿನದನ್ನಷ್ಟೇ ಉಳಿಸಿದ್ದು ಇಂದಿನ ಕಿಲ್ಟ್. ಇದನ್ನು ಮಾಡಿಸಿದವನು ಗ್ಲೆನ್‌ಗ್ಯಾರಿಯಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷಿನವನು ಎಂದು ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಬರೆದರು. ಸ್ಕಾಟ್ಲೆಂಡಿನವರ ರಾಷ್ಟ್ರೀಯ ಉಡುಪನ್ನು ಇಂಗ್ಲಿಷಿನವನು ಕಂಡುಹಿಡಿದ ಎಂದರೆ ಸುಮ್ಮನಿರುತ್ತಾರೆಯೇ? ಇವತ್ತಿಗೂ ಆ ಜಗಳ ತಣ್ಣಗಾಗಿಲ್ಲ. 1746ರಲ್ಲಿ ಕಲೋಡನ್ ಯುದ್ಧದಲ್ಲಿ ಹೈಲ್ಯಾಂಡಿನ ಬಂಡಾಯ ಮುರಿದು ಬಿದ್ದ ಮೇಲೆ ಕಿಲ್ಟೂ ನಿಷೇಧವಾಯಿತು. ಮೊದಲ ತಪ್ಪಿಗೆ ಆರು ತಿಂಗಳು ಸೆರೆ, ಎರಡನೆಯದಕ್ಕೆ ಏಳು ವರ್ಷ ಗಡೀಪಾರು. ಸೈನ್ಯಕ್ಕೆ ಸೇರಿದವರಿಗೆ ಮಾತ್ರ ಉಡಲು ಅನುಮತಿ. ನಿಷೇಧ ತೆಗೆದದ್ದು 1782ರಲ್ಲಿ. ಆ ಹೊತ್ತಿಗೆ ಉಡುಪಿನ ರೂಢಿ ಹಳ್ಳಿಯ ದಾರಿಗಳಿಂದ ಸರಿದು ಪರೇಡ್ ಮೈದಾನದಲ್ಲಿ ಉಳಿದುಕೊಂಡಿತ್ತು.

ಮುಂದಿನದು ನಾಟಕ. 1822ರ ಆಗಸ್ಟಿನಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ. ಸ್ವಾಗತದ ಸೂತ್ರಧಾರ ಕಾದಂಬರಿಕಾರ ವಾಲ್ಟರ್ ಸ್ಕಾಟ್. ದೊರೆ ತನ್ನ ಹೈಲ್ಯಾಂಡ್ ಉಡುಪಿಗೆ, ಕಠಾರಿ, ಪಿಸ್ತೂಲು, ಸ್ಪಾರನ್ ಎಲ್ಲ ಸೇರಿ, 1,354 ಪೌಂಡ್ ಖರ್ಚು ಮಾಡಿದ. ಬರಿಗಾಲು ಕಾಣದಿರಲೆಂದು ಒಳಗೆ ಮೈಬಣ್ಣದ ಬಿಗಿ ಇಜಾರು ತೊಟ್ಟಿದ್ದ, ಊರವರು ನಕ್ಕರು. ಡೇವಿಡ್ ವಿಲ್ಕಿ ಎಂಬ ಕಲಾವಿದ ಆಮೇಲೆ ಅದೇ ವೇಷದ ಭಾವಚಿತ್ರ ಬರೆದಾಗ ಇಜಾರಿನ ಸುದ್ದಿಗೇ ಹೋಗದೆ ದೊರೆಯ ಮಾನ ಉಳಿಸಿದ. ಶ್ರೀರಂಗಪಟ್ಟಣದ ಕತೆ ಬಲ್ಲ ಕನ್ನಡಿಗರು ಈ ವಿಲ್ಕಿಯ ಕುಂಚವನ್ನು ಇನ್ನೊಂದು ಕಡೆ ನೋಡಿರುತ್ತಾರೆ. ಟಿಪ್ಪು ಸುಲ್ತಾನನ ಮೃತದೇಹವನ್ನು ದೀಪದ ಬೆಳಕಿನಲ್ಲಿ ಪತ್ತೆ ಮಾಡುವ ಸ್ಕಾಟಿಷ್ ಸೇನಾಪತಿ ಡೇವಿಡ್ ಬೇರ್ಡ್‌ನ ಆ ಭಾರೀ ಚಿತ್ರ ಅವನದೇ, 1839ರದು. ಬೇರ್ಡ್ 1780ರಿಂದ 84ರವರೆಗೆ ಅದೇ ಊರಿನ ಸೆರೆಯಲ್ಲಿ ಕೊಳೆತವನು, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿಸಿದವನು. ಹೈಲ್ಯಾಂಡ್ ಪಡೆಗಳು ಮೈಸೂರು ಸೀಮೆಯವರೆಗೆ ನಡೆದು ಬಂದದ್ದೂ ಒಂದು ಪ್ರಯಾಣವೇ. ಇರಲಿ, ಆ ದಾರಿ ಹಿಡಿದರೆ ನಮ್ಮ ಸ್ಪಾರನ್ ಹಿಂದೆ ಉಳಿದೀತು.

ಪರೇಡು, ದರ್ಬಾರು, ಮದುವೆ ಛತ್ರಗಳಲ್ಲಿ ಬೆಳೆದ ಉಡುಪು ದಪ್ಪವಾಗುತ್ತ ಹೋಯಿತು. ಹದಿನೆಂಟನೇ ಶತಮಾನದ ಕೊನೆಯ ಹೊಲಿದ ಕಿಲ್ಟಿಗೆ ನಾಲ್ಕು ಗಜ ಬಟ್ಟೆ ಸಾಕಾಗುತ್ತಿತ್ತು. ಈಗಿನ ಸಾಂಪ್ರದಾಯಿಕ ಕಿಲ್ಟಿಗೆ ಎಂಟು ಗಜ, ಅಂದರೆ ಏಳು ಮೀಟರಿಗೂ ಮಿಕ್ಕಿ. ಗಜಕ್ಕೆ 13 ಔನ್ಸ್ ಅಥವಾ 16 ಔನ್ಸ್ ತೂಗುವ ಉಣ್ಣೆ. ಹಿಂದಿನ ನೆರಿಗೆಗಳೆಲ್ಲ ಸೇರಿ ಒಂದೂವರೆ, ಎರಡು ಕಿಲೋ ಸೊಂಟದಲ್ಲಿ ಕೂರುತ್ತದೆ. ಸಂಚಿಗೆ ಬೆಳ್ಳಿಯ ಬಾಯಿ, ಕುದುರೆ ಕೂದಲಿನ ಕುಚ್ಚು ಬಂದವು. ಚಾಕುವಿನ ಹಿಡಿಗೆ ಹರಳು ಕೂತಿತು. ನಿಂತು ಮೆರೆಯುವವನಿಗೆ ಇದೆಲ್ಲ ಶೋಭೆ. ರೈಲು ಹತ್ತುವವನಿಗೆ?

ಸ್ಪಾರನ್ನನ್ನೇ ತೆಗೆದುಕೊಳ್ಳಿ. ಬೆಲ್ಟಿನ ಬಕಲ್ಲಿನಿಂದ ನಾಲ್ಕು ಬೆರಳು ಕೆಳಗೆ, ನಟ್ಟನಡುವೆ ಅದು ಕೂರಬೇಕೆಂಬುದು ನಿಯಮ. ನಿಂತಾಗ ಸರಿ. ಕೂತರೆ ಅದು ತೊಡೆಗಳ ನಡುವೆ ಗೂಡು ಕಟ್ಟುತ್ತದೆ. ಕಾರಿನಲ್ಲಿ, ವಿಮಾನದಲ್ಲಿ ಸೀಟ್ ಬೆಲ್ಟು ಅದರ ಮೇಲೆ ಹಾದರೆ ಪಟ್ಟಿ ಸರಿಯಾಗಿ ಬಿಗಿಯುವುದೇ ಇಲ್ಲ. ಆದ್ದರಿಂದ ಬಲ್ಲವರು ಕೂರುವ ಮೊದಲೇ ಸಂಚಿಯನ್ನು ಪಟ್ಟಿಯ ಸಮೇತ ಸರಕ್ಕನೆ ಸೊಂಟದ ಬದಿಗೆ ತಳ್ಳುತ್ತಾರೆ. ಡ್ರಮ್ಮು ಹೊಡೆಯುವವರೂ ಕುಣಿಯುವವರೂ ಮಾಡುವುದು ಇದನ್ನೇ. ಹೀಗೆ ತಳ್ಳಿದ್ದು ಮತ್ತೆ ನಡುವಿಗೆ ಬರದೆ ಬೆನ್ನ ಹಿಂದಕ್ಕೆ ಹೋದರೆ ಜನಸಂದಣಿಯಲ್ಲಿ ಕಷ್ಟ. ಕಣ್ಣ ಮುಂದೆ ಇದ್ದಷ್ಟು ಹೊತ್ತು ಕಿಲ್ಟ್ ಉಟ್ಟವನ ಜೇಬು ಕತ್ತರಿಸುವುದು ಸುಲಭವಲ್ಲ, ಬೆನ್ನಿಗೆ ಹೋದ ಮೇಲೆ ಅದು ಎಲ್ಲರ ಜೇಬು.

ಅದಕ್ಕಿಂತ ದೊಡ್ಡ ಅಪಾಯ ಕಳ್ಳನದಲ್ಲ, ಪಟ್ಟಿಯದು. ಪಟ್ಟಿಯನ್ನು ಬೆನ್ನ ಕಡೆ ಬಕಲ್ಲಿನಿಂದ ಬಿಗಿಯುತ್ತಾರೆ. ಅದು ಸಡಿಲವಾದರೆ ತನಗೆ ಕಾಣದು. ಪಾಸ್‌ಪೋರ್ಟು, ಹಣ, ಫೋನು ಎಲ್ಲ ಒಟ್ಟಿಗೇ ಧೊಪ್ಪನೆ ನೆಲಕ್ಕೆ. ಒಳ್ಳೆಯ ದರ್ಜಿ ಹೊಲಿದ ಕಿಲ್ಟಿನ ಹಿಂಭಾಗದಲ್ಲಿ ಎರಡು ಬಟ್ಟೆಯ ಕುಣಿಕೆಗಳಿರುತ್ತವೆ, ಪಟ್ಟಿ ಅವುಗಳೊಳಗೆ ತೂರಿ ಬರಬೇಕು. ಬಹಳ ಮಂದಿ ಅವಸರದಲ್ಲಿ ತೂರಿಸುವುದಿಲ್ಲ. ಪ್ರಯಾಣಕ್ಕೆ ಸರಪಳಿಗಿಂತ ಪೂರ್ತಿ ಚರ್ಮದ ಪಟ್ಟಿ ವಾಸಿ: ತಪಾಸಣೆ ಯಂತ್ರಕ್ಕೆ ಕಡಿಮೆ ಆಹಾರ, ಕಿಲ್ಟಿನ ಉಣ್ಣೆಗೂ ಕಡಿಮೆ ತಿಕ್ಕಾಟ. ಸ್ಪಾರನ್ನಿನಲ್ಲೂ ಹಗಲಿನದು, ಸಂಜೆಯದು ಎಂದು ಬಗೆಗಳಿವೆ. ಸಂಜೆಯ ತುಪ್ಪಳದ ಸಂಚಿ ನೋಡಲು ಚೆಂದ, ಹೊಟ್ಟೆ ಮಾತ್ರ ಚಿಕ್ಕದು. ಅದರಲ್ಲಿ ಪಾಸ್‌ಪೋರ್ಟು ಹೇಗೋ ಹಿಡಿದರೂ ಇಂದಿನ ಉದ್ದನೆಯ ಫೋನು ಹಿಡಿಯದು. ದಾರಿಗೆ ಹಗಲಿನ ಸಾದಾ ಚರ್ಮದ್ದೇ ಸರಿ. ಮುಚ್ಚಳದ ಕೆಳಗೆ ಒತ್ತುಗುಂಡಿ ಇರುವುದನ್ನು ನೋಡಿಕೊಳ್ಳಬೇಕು, ಬರೀ ಮುಚ್ಚಳದ ಭಾರ ನೆಚ್ಚಿಕೊಂಡದ್ದು ಓಡುವಾಗ ಬಾಯಿ ಬಿಡುತ್ತದೆ.

ತುಪ್ಪಳ ಎಂದೆನಲ್ಲ, ಅಲ್ಲಿ ಇನ್ನೊಂದು ತೊಡಕು. ಅಜ್ಜನ ಕಾಲದ ಸ್ಪಾರನ್ ಎಂದರೆ ಸಾಮಾನ್ಯವಾಗಿ ಸೀಲ್ ಪ್ರಾಣಿಯ ತೊಗಲು, ಕೆಲವೊಮ್ಮೆ ನೀರುನಾಯಿಯದು, ಬ್ಯಾಡ್ಜರ್‌ನದಾದರೆ ಮುಖದ ಸಮೇತ. ಮನೆಯಲ್ಲಿ ನೇತುಹಾಕಿದ್ದರೆ ಯಾರ ತಕರಾರೂ ಇಲ್ಲ. ಗಡಿ ದಾಟಿಸುವಾಗ ಅದು ಉಡುಪಲ್ಲ, ವನ್ಯಜೀವಿಯ ಅಂಗ. ಸೀಲ್ ಸೇರಿದಂತೆ ಕಡಲ ಸಸ್ತನಿಗಳ ತೊಗಲನ್ನು ಒಳಗೆ ತರುವುದಕ್ಕೆ ಅಮೆರಿಕ 1972ರಲ್ಲೇ ಕಾನೂನು ಮಾಡಿ ತಡೆ ಹಾಕಿದೆ. ಐರೋಪ್ಯ ಒಕ್ಕೂಟ 2009ರಲ್ಲಿ ಸೀಲ್ ಉತ್ಪನ್ನಗಳ ಮಾರಾಟಕ್ಕೆ ಕಡಿವಾಣ ಹಾಕಿತು. ಸ್ಕಾಟ್ಲೆಂಡಿನಲ್ಲೇ 2007ರಲ್ಲಿ, ನೀರುನಾಯಿಯಂಥ ರಕ್ಷಿತ ಪ್ರಾಣಿಯ ತೊಗಲು ಕಾನೂನುಬದ್ಧವಾಗಿ ಬಂದದ್ದೆಂದು ತೋರಿಸಬೇಕಾಗುವ ನಿಯಮ ಬಂದಾಗ ಇನ್ನು ಸ್ಪಾರನ್ನಿಗೂ ಲೈಸೆನ್ಸು ಎಂದು ಪತ್ರಿಕೆಗಳು ತಮಾಷೆ ಮಾಡಿದವು. ತಮಾಷೆಯಲ್ಲ. 2014ರಲ್ಲಿ ಕೆನಡಾದಲ್ಲಿ ಸ್ಪರ್ಧೆ ಮುಗಿಸಿ ಊರಿಗೆ ಮರಳುತ್ತಿದ್ದ ಅಮೆರಿಕದ ಇಬ್ಬರು ಹುಡುಗರ ಬ್ಯಾಗ್‌ಪೈಪುಗಳನ್ನು, ಅವುಗಳಲ್ಲಿ ಹಳೆಯ ದಂತದ ಬಳೆಗಳಿದ್ದವೆಂದು, ಗಡಿಯಲ್ಲೇ ಹಿಡಿದಿಟ್ಟುಕೊಂಡಿದ್ದರು. ಕೊನೆಗೆ ಮರಳಿ ಕೊಟ್ಟರೆನ್ನಿ.

1998ರ ಬಳಿಕ ಮೊದಲ ಸಲ ಸ್ಕಾಟ್ಲೆಂಡ್ 2026ರ ಫುಟ್‌ಬಾಲ್ ವಿಶ್ವಕಪ್ಪಿಗೆ ಅರ್ಹತೆ ಪಡೆದಾಗ ಗಡಿಯ ಈ ಫಜೀತಿ ನನಗೆ ನೆನಪಾಗಿತ್ತು, ಏಕೆಂದರೆ ಆ ಕಪ್ಪಿನ ಹೆಚ್ಚಿನ ಪಂದ್ಯಗಳು ಅಮೆರಿಕದ ಪಾಲಿನವು. ‘ಟಾರ್ಟನ್ ಆರ್ಮಿ’ ಎಂದು ಹೆಸರಾದ ಅವರ ಅಭಿಮಾನಿಗಳ ದಂಡು ಎಲ್ಲಿಗೆ ಹೋದರೂ ಕಿಲ್ಟ್ ಉಟ್ಟೇ ಹೋಗುತ್ತದೆ. 1998ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರೆಜಿಲ್ ವಿರುದ್ಧದ ಮೊದಲ ಪಂದ್ಯಕ್ಕೆ ಮುಂಚೆ ಆಟಗಾರರೇ ಕಿಲ್ಟ್ ಉಟ್ಟು ಮೈದಾನಕ್ಕೆ ಬಂದಿದ್ದರು. ಈ ದಂಡಿನವರು ಕಿಲ್ಟಿನ ಮಡಿವಂತಿಕೆಯನ್ನೆಲ್ಲ ಮನೆಯಲ್ಲೇ ಬಿಟ್ಟು ಬರುವವರು. ಮೇಲೆ ಫುಟ್‌ಬಾಲ್ ಅಂಗಿ, ಕೆಳಗೆ ಕ್ಯಾನ್ವಾಸ್ ಬೂಟು ಅಥವಾ ಕೆಲಸಗಾರರ ಬೂಟು, ಕಾಲುಚೀಲ ಹರಡಿಗೆ ಇಳಿಬಿದ್ದಿರುತ್ತದೆ. ಮದುವೆ ಮನೆಯ ಕಿಲ್ಟಿಗರು ಇವರನ್ನು ಕಂಡು ಮೂಗು ಮುರಿಯುತ್ತಾರೆ. ನನ್ನ ಮಟ್ಟಿಗೆ ಹಳೆಯ ದನಗಾಹಿಗಳ ನಿಜವಾದ ವಾರಸುದಾರರು ಇವರೇ: ಸಂಚಿಯಲ್ಲಿ ಟಿಕೆಟ್ಟು, ದುಡ್ಡು, ಫೋನು, ಉಳಿದದ್ದು ಬೇಡ.

ಇನ್ನು ಚಾಕು. ‘ಸ್ಕಿಯನ್ ದೂ’ ಎನ್ನುವ ಇದು ಮೂರು, ನಾಲ್ಕು ಅಂಗುಲ ಅಲಗಿನದು. ಬಲಗೈಯವರಾದರೆ ಬಲಗಾಲಿನ ಉಣ್ಣೆಯ ಕಾಲುಚೀಲದೊಳಗೆ, ಹಿಡಿಯ ತುದಿಯಷ್ಟೇ ಕಾಣುವಂತೆ ಸಿಕ್ಕಿಸುತ್ತಾರೆ. ಬ್ರಿಟನ್ನಿನಲ್ಲಿ ಚಾಕುವಿನ ಕಾನೂನು ಬಿಗಿ. ಮಡಚುವ, ಮೂರು ಅಂಗುಲ ಮೀರದ ಜೇಬು ಚಾಕು ಬಿಟ್ಟರೆ ಅಲಗಿನದೇನನ್ನೂ ಸಾರ್ವಜನಿಕ ಜಾಗದಲ್ಲಿ ಕಾರಣವಿಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಇಂಗ್ಲೆಂಡಿನ 1988ರ ಕಾಯ್ದೆಯೂ ಸ್ಕಾಟ್ಲೆಂಡಿನ 1995ರ ಕಾಯ್ದೆಯೂ ಮೂರು ಕಾರಣಗಳನ್ನು ಹೆಸರಿಟ್ಟು ಒಪ್ಪುತ್ತವೆ: ಕೆಲಸ, ಧರ್ಮ, ರಾಷ್ಟ್ರೀಯ ಉಡುಪು. ಸಿಖ್ಖರ ಕಿರ್ಪಾಣ ಎರಡನೆಯದರಲ್ಲಿ, ಸ್ಕಿಯನ್ ದೂ ಮೂರನೆಯದರಲ್ಲಿ. ಗಮನಿಸಬೇಕಾದ್ದು, ಅದು ಉಡುಪಿನ ಭಾಗವಾಗಿದ್ದಾಗ ಮಾತ್ರ. ಕಿಲ್ಟ್ ಬಿಚ್ಚಿ ಜೀನ್ಸ್ ಹಾಕಿಕೊಂಡು ಅದೇ ಚಾಕುವನ್ನು ಕೋಟಿನ ಜೇಬಿಗೆ ಇಳಿಸಿ ಮನೆಗೆ ನಡೆದರೆ, ಮದುವೆಯಿಂದ ಬಂದೆ ಎಂಬ ಉತ್ತರಕ್ಕೆ ಪೊಲೀಸರು ತಲೆದೂಗುತ್ತಾರೆಂಬ ಭರವಸೆ ಇಲ್ಲ.

ವಿಮಾನದೊಳಗೆ ಈ ಉಡುಪಿನ ನೆಪವೂ ನಡೆಯದು. ಚಾಕು ಕೆಳಗೆ ಹೋಗುವ ಪೆಟ್ಟಿಗೆಯಲ್ಲೇ ಇರಬೇಕು, ಒರೆಯೊಳಗೆ, ಒರೆಯ ಸಮೇತ ಬಟ್ಟೆಯಲ್ಲಿ ಸುತ್ತಿ. ಪೆಟ್ಟಿಗೆ ತೆರೆದು ನೋಡುವವರ ಕೈ ಕುಯ್ಯಬಾರದಲ್ಲ. ಕೈಚೀಲ ಮಾತ್ರ ಹಿಡಿದು ಅಗ್ಗದ ಟಿಕೆಟ್ಟಿನಲ್ಲಿ ಹೊರಟವರು ಅದನ್ನು ಮನೆಯಲ್ಲೇ ಬಿಡುವುದು ಮೇಲು. ಇಂಥವರಿಗೆಂದೇ ಅಂಗಡಿಯಲ್ಲಿ ಅಲಗೇ ಇಲ್ಲದ, ಹಿಡಿಯನ್ನು ಒರೆಗೆ ಅಂಟಿಸಿಬಿಟ್ಟ ಸುಳ್ಳು ಚಾಕು ಸಿಗುತ್ತದೆ. ಸಂಪ್ರದಾಯವಾದಿಗಳಿಗೆ ಅದು ಅವಮಾನ. ಕಾಣುವುದು ಹಿಡಿಯ ತುದಿ ಒಂದೇ ಎಂದಮೇಲೆ ಒಳಗೆ ಏನಿದ್ದರೇನು? ಆದರೂ ಅದನ್ನು ಕೈಚೀಲದಲ್ಲಿ ಇಟ್ಟರೆ ಎಕ್ಸ್‌ರೇ ತೆರೆಯ ಮುಂದೆ ಕೂತವರಿಗೆ ಒಂದು ನಿಮಿಷ ಪಾಠ ಹೇಳಬೇಕಾಗುತ್ತದೆ, ವಿಮಾನ ತಪ್ಪುವಷ್ಟು ಹೊತ್ತಿನಲ್ಲಿ ಪಾಠ ಬೇಡ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿ ಕುಪ್ಯವೆಂಬ ನಿಲುವಂಗಿ, ಕೆಂಪು ರೇಷ್ಮೆಯ ಚೇಲೆಯೆಂಬ ನಡುಪಟ್ಟಿ, ಚೇಲೆಗೆ ಸಿಕ್ಕಿಸಿದ ಪೀಚೆಕತ್ತಿ ಇಲ್ಲದೆ ಕೊಡವ ಮದುವಣಿಗ ಪೂರ್ತಿಯಾಗುವುದಿಲ್ಲ. ಕೊಡವರಿಗೆ ಬಂದೂಕಿನ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಹಾಗಿದ್ದೂ ಹೊರನಾಡಿನ ಮದುವೆಗೆ ವಿಮಾನ ಹತ್ತುವಾಗ ಪೀಚೆಕತ್ತಿ ದೊಡ್ಡ ಪೆಟ್ಟಿಗೆಗೇ ಹೋಗಬೇಕು. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಮೈಮೇಲೆ ಒಯ್ಯಲು ಅನುಮತಿ ಇರುವುದು ಸಿಖ್ಖರ ಕಿರ್ಪಾಣಕ್ಕೆ; ಅದರ ಅಲಗು ಆರು ಅಂಗುಲ, ಒಟ್ಟು ಉದ್ದ ಒಂಬತ್ತು ಅಂಗುಲ ಮೀರಬಾರದು.

ಕಿಲ್ಟ್ ಪಿನ್ನಿನ ವಿಷಯದಲ್ಲಿ ಹೊಸಬರು ಮಾಡುವ ಎಡವಟ್ಟು ಒಂದೇ. ಮುಂದಿನ ಎರಡು ಸಪಾಟು ಪದರಗಳನ್ನು ಸೇರಿಸಿ ಚುಚ್ಚಿಬಿಡುತ್ತಾರೆ, ಗಾಳಿಗೆ ಹಾರದಿರಲೆಂದು. ಹಾಗೆ ಚುಚ್ಚಿ ಬಸ್ಸಿನ ಮೆಟ್ಟಿಲು ಹತ್ತಿದರೆ ಹರಿಯುವುದು ಬಟ್ಟೆ. ಪಿನ್ನು ಮೇಲಿನ ಪದರಕ್ಕೆ ಮಾತ್ರ. ಅದರ ತೂಕವೇ ಗಾಳಿಗೆ ಉತ್ತರ. ವಿಕ್ಟೋರಿಯಾ ರಾಣಿ ಗಾಳಿಗೆ ಸಿಕ್ಕಿದ ಸಿಪಾಯಿಯ ಮೇಲೆ ಕನಿಕರಿಸಿ ತನ್ನ ಪಿನ್ನನ್ನೇ ಕೊಟ್ಟಳೆಂಬ ಕತೆ ಅಂಗಡಿಯವರಿಗೆ ಬಹಳ ಇಷ್ಟ, ವ್ಯಾಪಾರಕ್ಕೆ ಒಳ್ಳೆಯದು. ಪ್ರಯಾಣದಲ್ಲಿ ಪಿನ್ನು ಬ್ಯಾಗಿನ ಪಟ್ಟಿಗೆ ಸಿಕ್ಕಿ ಕಳಚಿ ಬೀಳುವುದೇ ಹೆಚ್ಚು. ಹಿಂಬದಿಯಿಂದ ಒಂದು ಸಣ್ಣ ರಬ್ಬರ್ ಬಿರಡೆ ಸಿಕ್ಕಿಸುವವರಿದ್ದಾರೆ, ದಾರದಿಂದ ಎರಡು ಹೊಲಿಗೆ ಹಾಕುವವರಿದ್ದಾರೆ. ಕಾಲುಚೀಲ ಜಾರದಂತೆ ಕಟ್ಟುವ ಫ್ಲ್ಯಾಶಸ್ ಎಂಬ ರಿಬ್ಬನ್ನಿನ ಪಟ್ಟಿಗಳು ಸಣ್ಣ ದಾರಿಗೆ ಸರಿ. ಹತ್ತು ಗಂಟೆಯ ವಿಮಾನದಲ್ಲಿ ಕಾಲು ಊದಿಕೊಂಡಾಗ ಆ ಎಲಾಸ್ಟಿಕ್ ಮೀನಖಂಡವನ್ನು ಕಚ್ಚಿ ಹಿಡಿಯುತ್ತದೆ. ಬಿಚ್ಚಿ ಸಂಚಿಗೆ ಹಾಕುವುದೇ ಲೇಸು.

ಉಡದೆ ಒಯ್ಯುವವರಿಗೆ ಚಿಂತೆ ನೆರಿಗೆಯದು. ಹಿಂಭಾಗದ ನೆರಿಗೆಗಳು ಟಾರ್ಟನ್ ಎಂಬ ಚೌಕಳಿ ಬಟ್ಟೆಯ ಪಟ್ಟೆಗೆ ಪಟ್ಟೆ ಕೂಡುವಂತೆ ಕೈಯಲ್ಲಿ ಹೊಲಿದಂಥವು. ಪೆಟ್ಟಿಗೆಯಲ್ಲಿ ಅಡ್ಡಾದಿಡ್ಡಿ ಮಡಚಿದರೆ ಇಸ್ತ್ರಿಗೆ ಅರ್ಧ ದಿನ ಬೇಕು. ಬ್ಯಾಗ್‌ಪೈಪು ನುಡಿಸುವವರು ಬಳಸುವ ಹಳೆಯ ಉಪಾಯವನ್ನು ಮೀರಿಸಿದ ಚೀಲ ಇನ್ನೂ ಬಂದಿಲ್ಲ. ಕಿಲ್ಟನ್ನು ಹಾಸಿ, ನೆರಿಗೆಗಳನ್ನು ನೇವರಿಸಿ ಒಂದರ ಮೇಲೊಂದು ಕೂರಿಸಿ, ಒಂದು ಬದಿಯಿಂದ ಬಿಗಿಯಾಗಿ ಸುರುಳಿ ಸುತ್ತಿ, ಕತ್ತರಿಸಿದ ಹೆಂಗಸರ ನೈಲಾನ್ ಕಾಲುಚೀಲದೊಳಗೆ ತೂರಿಸಿಬಿಡುವುದು. ಸುರುಳಿ ಬಿಚ್ಚುವುದೂ ಇಲ್ಲ, ಸುಕ್ಕು ಬೀಳುವುದೂ ಇಲ್ಲ. ಉಟ್ಟೇ ಪ್ರಯಾಣ ಮಾಡುವವರು ಕೂರುವಾಗ ಎರಡೂ ಕೈಯಿಂದ ಹಿಂಭಾಗ ಸವರಿಕೊಂಡು ಕೂರಬೇಕು, ಸೀರೆಯುಟ್ಟ ಹೆಂಗಸರಿಗೆ ಈ ಪಾಠ ಬೇಕಾಗಿಲ್ಲ.

ಬೆಟ್ಟದ ದಾರಿಯ ವಿಷಯ ಬೇರೆಯೇ. ಮಿಲ್‌ಗೈಯಿಂದ ಫೋರ್ಟ್ ವಿಲಿಯಂವರೆಗೆ 154 ಕಿಲೋಮೀಟರ್ ಸಾಗುವ ವೆಸ್ಟ್ ಹೈಲ್ಯಾಂಡ್ ವೇ ಚಾರಣದ ಹಾದಿಯಲ್ಲಿ ಕಿಲ್ಟ್ ಉಟ್ಟು ನಡೆಯುವವರು ಸಿಗುತ್ತಾರೆ. ಹೆಜ್ಜೆಗೆ ಅಡ್ಡಿಯಿಲ್ಲ, ತೊರೆ ದಾಟಿದರೆ ಒರೆಸಿಕೊಳ್ಳಬೇಕಾದ್ದು ಚರ್ಮವನ್ನು ಮಾತ್ರ, ಒದ್ದೆ ಪ್ಯಾಂಟಿನ ಗೋಳಿಲ್ಲ. ಜಗಳ ಬರುವುದು ಬೆನ್ನಚೀಲದ ಸೊಂಟಪಟ್ಟಿಗೂ ಕಿಲ್ಟಿನ ಬೆಲ್ಟಿಗೂ ಸ್ಪಾರನ್ನಿನ ಪಟ್ಟಿಗೂ. ಮೂರಕ್ಕೂ ಸೊಂಟದ ಅದೇ ನಾಲ್ಕು ಅಂಗುಲ ಬೇಕು. ಅನುಭವಿಗಳು ಬೆಲ್ಟನ್ನು ಕಳಚಿ, ಸ್ಪಾರನ್ನನ್ನು ಬೆನ್ನಚೀಲದ ಪಟ್ಟಿಗೇ ಕೊಕ್ಕೆಯಿಂದ ತೂಗುಹಾಕುತ್ತಾರೆ. ಸೈನಿಕರೂ ಹಿಂದೆ ಇಂಥದೇ ದಾರಿ ಹುಡುಕಿದ್ದರು: ಇಪ್ಪತ್ತನೇ ಶತಮಾನ ಹುಟ್ಟುವ ಹೊತ್ತಿಗೆ ಬೋಯರ್ ಯುದ್ಧದಲ್ಲಿ ಹೊಳೆಯುವ ಸ್ಪಾರನ್ ಬಿಟ್ಟು, ಕಿಲ್ಟಿನ ಮುಂದೆ ಜೇಬಿದ್ದ ಖಾಕಿ ಮುಂಗವಚ ಕಟ್ಟಿಕೊಂಡಿದ್ದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕಿಲ್ಟಿನ ಬಂಡವಾಳವೆಲ್ಲ ಬಯಲಾಯಿತು. ನೆರಿಗೆಗಳಲ್ಲಿ ಹೇನು ತುಂಬಿದವು, ಒದ್ದೆ ಅಂಚುಗಳು ಹಿಮಗಟ್ಟಿ ಮೊಣಕಾಲ ಹಿಂಭಾಗವನ್ನು ಕುಯ್ದವು. ಇಂದಿನ ನಡಿಗೆಗಾರರಿಗೆ ಶತ್ರುಗಳು ಬೇಸಗೆಯ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ, ಜರಿಗಿಡದ ಪೊದೆಯಲ್ಲಿ ಕಾಯುವ ಉಣ್ಣೆಹುಳ. ಲೈಮ್ ರೋಗ ಹರಡುವುದು ಈ ಹುಳದಿಂದಲೇ, ಬರಿಗಾಲಿನವರು ಸಂಜೆ ತಪ್ಪದೆ ಕಾಲು ತಡವಿ ನೋಡಿಕೊಳ್ಳಬೇಕು.

ಗಾಳಿಯ ದಿನ ಒಳಗೆ ಏನು ತೊಡಬೇಕೆಂಬ ಪ್ರಶ್ನೆಗೆ ಶತಮಾನಗಳಿಂದ ಪೋಲಿ ಉತ್ತರಗಳು ಇವೆ. ಗಾಜಿನ ಮೆಟ್ಟಿಲಿನ ವಿಮಾನ ನಿಲ್ದಾಣ ಕಟ್ಟುವ ಕಾಲದಲ್ಲಿ ಸಂಪ್ರದಾಯಕ್ಕಿಂತ ಚಡ್ಡಿ ಮುಖ್ಯ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಸಿಯಾಟಲ್ಲಿನ ಕಂಪನಿಯೊಂದು 2000ದಲ್ಲಿ ಜೇಬುಗಳಿರುವ ಹತ್ತಿಯ ಕಿಲ್ಟ್ ತಂದಿತು; ಅದರ ಹಿಂದೆಯೇ ಬೆಟ್ಟ ಹತ್ತುವವರಿಗೆ ಮಳೆಯಲ್ಲಿ ನೆಂದರೂ ಬೇಗ ಒಣಗುವ ನೈಲಾನಿನವೂ ಬಂದವು. ಜೇಬು ಬಂದಮೇಲೆ ಸ್ಪಾರನ್ನು ಬೇಡ, ಸ್ಪಾರನ್ನು ಬೇಡವಾದ ಮೇಲೆ ಅದು ಕಿಲ್ಟೇ ಅಲ್ಲ ಎನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಾಲ್ಕು ಗಜದ ಬಟ್ಟೆಯನ್ನು ಎಂಟು ಮಾಡಿದ್ದೂ ಯಾರೋ ಹೊಸಬರೇ.

ಗ್ಲ್ಯಾಸ್ಗೋ, ಎಡಿನ್‌ಬರೋಗಳಲ್ಲಿ ಓದುವ, ಕೆಲಸ ಮಾಡುವ ನಮ್ಮ ಹುಡುಗರು ಗೆಳೆಯನ ಮದುವೆಗೆ ಕಿಲ್ಟ್ ಬೇಕಾದರೆ ಹೊಲಿಸಲು ಹೋಗುವುದಿಲ್ಲ, ಬಾಡಿಗೆಗೆ ತರುತ್ತಾರೆ. ಕೋಟು, ಅಂಗಿ, ಕಿಲ್ಟ್, ಬೆಲ್ಟು, ಸ್ಪಾರನ್, ಪಿನ್ನು, ಕಾಲುಚೀಲ, ಫ್ಲ್ಯಾಶಸ್, ಬೂಟು ಎಲ್ಲ ಒಂದೇ ಚೀಲದಲ್ಲಿ ಬರುತ್ತವೆ; ಹಿಂದಿರುಗಿಸುವಾಗ ಅಂಗಡಿಯವರು ಒಂದೊಂದನ್ನೂ ಎಣಿಸುತ್ತಾರೆ. ಕುಣಿದು ದಣಿದು ನಡುರಾತ್ರಿ ಹೋಟೆಲಿಗೆ ಬಂದವನು ಕಿಲ್ಟನ್ನು ಕಳೆದುಕೊಳ್ಳುವುದಿಲ್ಲ, ಫ್ಲ್ಯಾಶಸ್‌ಗಳಲ್ಲಿ ಒಂದನ್ನೋ ಪಿನ್ನನ್ನೋ ಕಳೆದುಕೊಳ್ಳುತ್ತಾನೆ. ಬಿಚ್ಚಿದ ಕೂಡಲೇ ಸಣ್ಣ ಸಾಮಾನನ್ನೆಲ್ಲ ಸ್ಪಾರನ್ನಿನೊಳಗೆ ಹಾಕಿ ಒತ್ತುಗುಂಡಿ ಮುಚ್ಚುವುದು ಠೇವಣಿ ಉಳಿಸಿಕೊಳ್ಳುವ ದಾರಿ. ಚಾಕು ಮಾತ್ರ ಅದರಲ್ಲಿ ಬೇಡ. ಬೆಳಿಗ್ಗೆ ವಿಮಾನವಿದ್ದರೆ ಸ್ಪಾರನ್ ಕೈಚೀಲದ ಜೊತೆಗೇ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ.